ಸಮಾಧಾನ ಹೇಳುವವರು, ಸಮಾಧಾನ ಮಾಡಿಸುವವರು

ಸಮಾಧಾನ ಎನ್ನುವ ಪದವನ್ನು ನಾವು ಎರಡು ಕಡೆ ಬಳಸುತ್ತೇವೆ. ಅಳುವ ಕೂಸಿಗೆ, ಸಾವಾದ ಮನೆಯವರಿಗೆ ಸಮಾಧಾನ ಹೇಳುತ್ತೇವೆ. ಹೊಲದ ಬದುವಿಗೆ ಬಡಿದಾಡಿಕೊಂಡ ಅಣ್ಣತಮ್ಮಂದಿರನ್ನು ಕಟ್ಟೆಯ ಮೇಲೆ ಕೂರಿಸಿ ಹಿರಿಯರು ಸಮಾಧಾನ ಮಾಡಿಸುತ್ತಾರೆ. ಮೊದಲನೆಯದಕ್ಕೆ ಮೆತ್ತಗಿನ ದನಿ ಸಾಕು. ಎರಡನೆಯದಕ್ಕೆ ಬದು ಮೊದಲು ಎಲ್ಲಿತ್ತು ಅನ್ನೋದು ಗೊತ್ತಿರಬೇಕು, ಇಬ್ಬರ ಬೈಗುಳವನ್ನೂ ತಿನ್ನಬೇಕು, ಬೇಕಾದರೆ ಸರ್ವೆಯವರನ್ನೂ ಕರೆಸಬೇಕು.

ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆ ಗಿರಿಪ್ರಸಂಗ. ‘ಇಂಥವರು ಧನ್ಯರು’ ಎನ್ನುವ ಅದರ ಸಾಲುಗಳಲ್ಲಿ ಏಳನೆಯದಕ್ಕೆ ಹಳೆಯ ಕನ್ನಡ ಬೈಬಲಿನಲ್ಲಿರುವ ಪದ ‘ಸಮಾಧಾನಪಡಿಸುವವರು’. ಗ್ರೀಕ್ ಮೂಲದಲ್ಲಿರುವುದು ಶಾಂತಿ ಮತ್ತು ಮಾಡು ಎರಡೂ ಸೇರಿದ ಜೋಡುಪದ. ಅಂದರೆ ಅಲ್ಲಿ ಮಾತಿಗಿಂತ ಕೆಲಸ ಇದೆ. ಕನ್ನಡದಲ್ಲಿ ಓದುವಾಗ ಕಿವಿಗೆ ಮೊದಲು ಬೀಳುವುದು ಮಾತ್ರ ಸಾವಿನ ಮನೆಯ ಅರ್ಥವೇ. ಯುದ್ಧ ಬಂದಾಗ, ಜಾತಿ ಜಗಳ ಬಂದಾಗ, ಹೊಳೆ ಬಂದಾಗ ನಮ್ಮ ಕ್ರೈಸ್ತ ಸಭೆಗಳು ಏನು ಮಾಡುತ್ತವೆ ಎಂದು ನೋಡುತ್ತ ಹೋದರೆ ಈ ಎರಡು ಅರ್ಥಗಳ ನಡುವೆಯೇ ಓಡಾಡಿದ ಹಾಗಾಗುತ್ತದೆ.

ಬೆಳಗಾವಿಯಲ್ಲಿ ಈ ಪ್ರಶ್ನೆಗೆ ಬೇರೆಯೇ ಒಂದು ತೂಕವಿದೆ. ಇದು ದಂಡಿನ ಊರು. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇಲ್ಲಿದೆ. ಫಾತಿಮಾ ಮಾತೆಯ ಪ್ರಧಾನಾಲಯವೂ, ಬ್ರಿಟಿಷ್ ಪಲ್ಟನ್ನಿನವರು ಪ್ರಾರ್ಥನೆಗೆ ಕೂರುತ್ತಿದ್ದ ಸೇಂಟ್ ಮೇರಿಸ್ ಚರ್ಚೂ ಇರುವುದು ಅದೇ ಕ್ಯಾಂಪಿನಲ್ಲಿ. ಭಾನುವಾರ ಬೆಂಚಿನ ಮೇಲೆ ಕೂತವರಲ್ಲಿ ಮಗನನ್ನು ಗಡಿಗೆ ಕಳಿಸಿದ ತಾಯಿ ಇರಬಹುದು, ಪಿಂಚಣಿಯ ಸುಬೇದಾರರಿರಬಹುದು. ಇವರ ಮುಂದೆ ನಿಂತು ಯುದ್ಧ ಪಾಪ ಎಂದುಬಿಡುವುದು ಸುಲಭವಲ್ಲ. ನಮ್ಮವರಿಗೆ ಜಯವಾಗಲಿ ಎಂದಷ್ಟೇ ಹೇಳಿ ಇಳಿದುಬರುವುದು ಬಹಳ ಸುಲಭ.

ಪ್ರಬೋಧನೆಯನ್ನು ಬಿಡಿ, ಅದು ಗುರುಗಳ ಪಾಲು. ಸಭೆಯ ನಿಜವಾದ ಮನಸ್ಸು ಕಾಣುವುದು ಪೂಜೆಯ ನಡುವೆ ಎಲ್ಲರ ಪರವಾಗಿ ಬಿನ್ನಹಗಳನ್ನು ಓದುವ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ. ಕಥೋಲಿಕರ ಕ್ರಮದಲ್ಲಿ ಅದಕ್ಕೆ ಒಂದು ಸಾಲುಗಟ್ಟು ಇದೆ: ಮೊದಲು ಧರ್ಮಸಭೆಗಾಗಿ, ಆಮೇಲೆ ಆಳುವವರಿಗಾಗಿ ಮತ್ತು ಲೋಕದ ಒಳಿತಿಗಾಗಿ, ಮೂರನೆಯದು ಕಷ್ಟದಲ್ಲಿರುವವರಿಗಾಗಿ, ಕೊನೆಗೆ ಊರಿನ ಸಭೆಗಾಗಿ. ನಾಲ್ಕರಿಂದ ಆರು ಬಿನ್ನಹ ಸಾಕು, ಒಂದೊಂದೂ ಒಂದೇ ಉಸಿರಿನಲ್ಲಿ ಓದಿ ಮುಗಿಯುವಂತಿರಬೇಕು. ಕೆಡುವುದು ಮೂರು ಕಡೆ. ಶನಿವಾರ ರಾತ್ರಿ ವಾಟ್ಸಾಪಿನಲ್ಲಿ ಬಂದದ್ದನ್ನು ನಕಲು ಮಾಡಿದರೆ ಪ್ರಾರ್ಥನೆ ವಾರ್ತೆಯಾಗುತ್ತದೆ. ದೇವರಿಗೆ ಸುದ್ದಿ ಓದಿ ಹೇಳಿದ ಹಾಗೆ. ‘ಲೋಕದಲ್ಲೆಲ್ಲ ಶಾಂತಿ ನೆಲೆಸಲಿ’ ಎಂದು ಬರೆದರೆ ಯಾರಿಗೂ ಏನೂ ತಾಗುವುದಿಲ್ಲ, ಓದುವವರು ತಲೆ ಎತ್ತುವುದೂ ಇಲ್ಲ. ‘ನಮ್ಮ ಯೋಧರಿಗೆ ಜಯ ಕೊಡು’ ಎಂದು ನಿಲ್ಲಿಸಿದರೆ ದೇವರನ್ನು ಪಲ್ಟನ್ನಿಗೆ ಭರ್ತಿ ಮಾಡಿಕೊಂಡಂತೆ.

2025ರ ಮೇ 7ರಿಂದ 10ರವರೆಗಿನ ಆ ನಾಲ್ಕು ದಿನ ನೆನಪಿಸಿಕೊಳ್ಳಿ. ಅಂಥ ವಾರಕ್ಕೆ ಒಂದು ಬಿನ್ನಹ ಹೀಗೆ ಬರೆಯಬಹುದು: ‘ಪಹಲ್ಗಾಮಿನಲ್ಲಿ ಮನೆಯವರನ್ನು ಕಳೆದುಕೊಂಡವರಿಗಾಗಿ, ಗಡಿಯ ಎರಡೂ ಬದಿಯಲ್ಲಿ ಮನೆ ಬಿಟ್ಟು ಓಡಿದವರಿಗಾಗಿ, ಆಜ್ಞೆ ಪಾಲಿಸುತ್ತಿರುವ ನಮ್ಮ ಸಭೆಯ ಮಕ್ಕಳಿಗಾಗಿ, ಆಜ್ಞೆ ಕೊಡುವವರು ಮಾತಿಗೆ ಕೂರುವಂತೆ ಪ್ರಾರ್ಥಿಸೋಣ.’ ಇದರಲ್ಲಿ ತಾಯಿಯ ಮಗನೂ ಇದ್ದಾನೆ, ಆಚೆ ಬದಿಯ ತಾಯಿಯೂ ಇದ್ದಾಳೆ. ‘ಎರಡೂ ಬದಿಯಲ್ಲಿ’ ಎಂಬ ಎರಡು ಪದಗಳಿಗೆ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ತಕರಾರು ಬಂದರೆ ಬರಲಿ. ಯಾರೂ ತಕರಾರು ಮಾಡದ ಪ್ರಾರ್ಥನೆಯನ್ನು ಯಾರೂ ಕೇಳಿಸಿಕೊಂಡಿಲ್ಲ ಅಂತಲೇ ಲೆಕ್ಕ. ಇನ್ನು ಯಾವ ಭಾಷೆಯಲ್ಲಿ ಓದುವುದು ಎಂಬುದು ನಮ್ಮ ಊರಿನದೇ ಒಂದು ಸಣ್ಣ ಯುದ್ಧ. ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್, ಎಲ್ಲಕ್ಕೂ ಒಂದೊಂದು ಪೂಜೆಯ ವೇಳೆ ಬೇಕು, ಎಲ್ಲರಿಗೂ ಎಂಟು ಗಂಟೆಯದೇ ಬೇಕು!

ಸಿದ್ಧಾಂತದ ಕಡೆ ಒಂದು ಸುತ್ತು ಹಾಕಿಬರೋಣ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ನ್ಯಾಯಯುದ್ಧಕ್ಕೆ ಮೂರು ಷರತ್ತು ಇಟ್ಟ: ಅಧಿಕಾರವಿರುವವರೇ ಸಾರಬೇಕು, ಕಾರಣ ನ್ಯಾಯದ್ದಾಗಿರಬೇಕು, ಉದ್ದೇಶ ಒಳ್ಳೆಯದಿರಬೇಕು. ಇಂದಿನ ಕಥೋಲಿಕ ಧರ್ಮೋಪದೇಶ ನಾಲ್ಕು ಕೇಳುತ್ತದೆ: ಆಕ್ರಮಣದಿಂದಾಗುವ ಹಾನಿ ಶಾಶ್ವತವೂ ಘೋರವೂ ಖಚಿತವೂ ಆಗಿರಬೇಕು, ಬೇರೆಲ್ಲ ದಾರಿ ಮುಚ್ಚಿರಬೇಕು, ಗೆಲ್ಲುವ ಸಾಧ್ಯತೆ ಗಟ್ಟಿಯಿರಬೇಕು, ಶಸ್ತ್ರದಿಂದಾಗುವ ಕೇಡು ತೆಗೆಯಬೇಕಾದ ಕೇಡಿಗಿಂತ ದೊಡ್ಡದಾಗಬಾರದು. ನಾಲ್ಕೂ ಒಟ್ಟಿಗೇ ಇರಬೇಕು, ಮೂರಕ್ಕೆ ಪಾಸಾಗುವುದಿಲ್ಲ. ಇದು ಯುದ್ಧಕ್ಕೆ ಮೊದಲು ಹಿಡಿಯಬೇಕಾದ ಜರಡಿ. ಹೆಚ್ಚಿನ ದೇಶಗಳಲ್ಲಿ ಹೆಚ್ಚಿನ ಕಾಲ ಇದನ್ನು ಯುದ್ಧ ಶುರುವಾದ ಮೇಲೆ ಪ್ರಮಾಣಪತ್ರದ ಹಾಗೆ ಬಳಸಿದ್ದಾರೆ. ಅಣುಬಾಂಬಿನ ನಂತರ ನಾಲ್ಕನೆಯ ಷರತ್ತನ್ನು ದಾಟುವುದೇ ಕಷ್ಟವಾಯಿತು. ಇಡೀ ನಗರವನ್ನು ಅದರ ಜನರ ಸಮೇತ ನಾಶಮಾಡುವುದು ದೇವರಿಗೂ ಮನುಷ್ಯನಿಗೂ ಎಸಗಿದ ಅಪರಾಧ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬರೆಯಿತು. 2020ರಲ್ಲಿ ಪೋಪ್ ಫ್ರಾನ್ಸಿಸ್, ಹಿಂದಿನ ಶತಮಾನಗಳ ಆ ಮಾನದಂಡ ಹಿಡಿದು ನ್ಯಾಯಯುದ್ಧದ ಮಾತಾಡುವುದೇ ಈಗ ಬಹಳ ಕಷ್ಟ ಎಂದರು.

ಇನ್ನೊಂದು ದಾರಿಯೂ ಇದೆ. 1527ರಲ್ಲಿ ಸ್ವಿಟ್ಜರ್ಲೆಂಡಿನ ಶ್ಲೈಟ್‌ಹೈಮಿನಲ್ಲಿ ಸೇರಿದ ಅನಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರು ಕತ್ತಿ ಹಿಡಿಯುವುದಿಲ್ಲ ಎಂದು ಬರೆದುಕೊಟ್ಟರು. ಮೆನ್ನೊನೈಟರು, ಕ್ವೇಕರರು, ಬ್ರೆದರನ್ ಸಭೆಯವರು ಇಂದಿಗೂ ಅದೇ ಸಾಲಿನವರು. 1916ರಲ್ಲಿ ಬ್ರಿಟನ್ ಕಡ್ಡಾಯ ಭರ್ತಿ ತಂದಾಗ ಸುಮಾರು 16,000 ಮಂದಿ ಒಲ್ಲೆ ಎಂದರು. ಕೆಲವರು ಆಂಬುಲೆನ್ಸ್ ದಳ ಸೇರಿದರು, ಕೆಲವರು ಜೈಲಿಗೆ ಹೋದರು. ಭಾರತದಲ್ಲಿ ಕಡ್ಡಾಯ ಭರ್ತಿ ಇಲ್ಲವಾದ್ದರಿಂದ ನಮ್ಮ ಹುಡುಗರಿಗೆ ಈ ಪರೀಕ್ಷೆ ಬಂದಿಲ್ಲ. ನೌಕರಿ ಎಂದೇ ಸೈನ್ಯಕ್ಕೆ ಹೋಗುತ್ತಾರೆ. ಗಿರಿಪ್ರಸಂಗ ಎದೆಗೆ ನೇರ ನಾಟಿತು ಎಂದು ಆತ್ಮಕಥೆಯಲ್ಲಿ ಬರೆದ ಗಾಂಧೀಜಿ 1924ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ಕೂತದ್ದು ಇದೇ ಬೆಳಗಾವಿಯಲ್ಲಿ. ಅದಕ್ಕೆ ಆರು ವರ್ಷ ಮುಂಚೆ ಖೇಡಾ ಜಿಲ್ಲೆಯಲ್ಲಿ ಬ್ರಿಟಿಷ್ ಸೈನ್ಯಕ್ಕೆ ಜನರನ್ನು ಕೂಡಿಸಲು ಹಳ್ಳಿ ಹಳ್ಳಿ ನಡೆದವರೂ ಅವರೇ. ದೊಡ್ಡವರಿಗೂ ಇದು ನೇರ ಗೆರೆಯಾಗಿರಲಿಲ್ಲ.

ಯುದ್ಧ ನಮ್ಮ ಸಭೆಗಳ ಒಳಗೇ ಬಂದದ್ದು 1914ರಲ್ಲಿ. ಉತ್ತರ ಕರ್ನಾಟಕದ ಬಾಸೆಲ್ ಮಿಶನ್ ಬಗ್ಗೆ ಶಾಲೆ, ನಿಘಂಟು, ಹೆಂಚು ಅಂತ ಎಲ್ಲರೂ ಬರೆಯುತ್ತಾರೆ. ಯುದ್ಧದ ಈ ಕಥೆ ಯಾಕೋ ಹಿಂದೆ ಉಳಿಯುತ್ತದೆ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಗುಳೇದಗುಡ್ಡ, ಹೀಗೆ ಠಾಣೆ ಹಾಕುತ್ತ ಬಂದವರು ಇವರು. ಖಣ ನೇಯುವ ಊರಿನಲ್ಲಿ ಮಗ್ಗದ ಸದ್ದಿನ ನಡುವೆ ಜರ್ಮನ್ ರಾಗದ ಕನ್ನಡ ಕೀರ್ತನೆ ಹುಟ್ಟಿತು. ಮಿಶನ್ನಿನ ಕೇಂದ್ರ ಇದ್ದದ್ದು ಸ್ವಿಟ್ಜರ್ಲೆಂಡಿನಲ್ಲಿ, ಬಂದವರಲ್ಲಿ ಬಹುಪಾಲು ಜರ್ಮನರು. ಯುದ್ಧ ಶುರುವಾಯಿತು. ನಿನ್ನೆವರೆಗೆ ‘ಅಯ್ಯನವರು’ ಆಗಿದ್ದವರು ಸರಕಾರದ ಕಡತದಲ್ಲಿ ಶತ್ರು ದೇಶದ ಪ್ರಜೆಗಳಾದರು. ಗಂಡಸರನ್ನು ಅಹಮದನಗರದ ಶಿಬಿರದಲ್ಲಿ ಇಟ್ಟರು. ಮುಂದೆ ಹಡಗು ಹತ್ತಿಸಿ ದೇಶಕ್ಕೆ ಕಳಿಸಿದರು. ಹೆಂಚು, ನೇಯ್ಗೆಯ ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಈ ಭಾಗದ ಸಭೆಗಳ ಕೆಲಸವನ್ನು ಸ್ವಿಸ್ ಜನ ಬೇರೆ ಹೆಸರಿನ ಸಂಘ ಕಟ್ಟಿ ನಡೆಸಬೇಕಾಯಿತು.

ಅದೇ ಹೊತ್ತಿಗೆ ಇಂಗ್ಲೆಂಡಿನ ಸಭೆಯವರಾದ ಆಂಗ್ಲಿಕನರ ಕೈಯಲ್ಲಿದ್ದದ್ದು 1662ರ ಪ್ರಾರ್ಥನಾ ಪುಸ್ತಕ. ಅದರಲ್ಲಿ ಯುದ್ಧಕಾಲಕ್ಕೆಂದೇ ಒಂದು ಪ್ರಾರ್ಥನೆ ಇದೆ: ವೈರಿಗಳ ಸೊಕ್ಕು ಮುರಿ, ಅವರ ದ್ವೇಷ ಅಡಗಿಸು, ಅವರ ಹೂಟಗಳನ್ನು ಕೆಡಿಸು. ಅತ್ತ ಜರ್ಮನ್ ಸೈನಿಕರ ಸೊಂಟಪಟ್ಟಿಯ ಬಕಲ್ಲಿನ ಮೇಲೆ ‘ದೇವರು ನಮ್ಮೊಂದಿಗೆ’ ಎಂದು ಅಚ್ಚಾಗಿತ್ತು. ಇಬ್ಬರೂ ಓದುತ್ತಿದ್ದದ್ದು ಒಂದೇ ಬೈಬಲ್. ಗುಳೇದಗುಡ್ಡದ ನೇಕಾರ ಕ್ರೈಸ್ತ ಈ ನಡುವೆ ಯಾರ ಸೊಕ್ಕು ಮುರಿಯಲಿ ಎಂದು ಬೇಡಬೇಕಿತ್ತು? ತೊಟ್ಟಿಲ ಕೂಸಿಗೆ ದೀಕ್ಷಾಸ್ನಾನ ಕೊಟ್ಟ ಅಯ್ಯನವರದೋ, ಊರಾಳುವ ದೊರೆಯದೋ? ಆ ವರ್ಷಗಳಲ್ಲಿ ಸಭೆಯ ದಿನದ ಕೆಲಸ ಹೊತ್ತವರು ಕನ್ನಡದ ಉಪದೇಶಿಗಳು, ಶಾಲಾ ಮಾಸ್ತರರು. ಎಂಬತ್ತು ವರ್ಷ ಮಿಶನರಿಗಳು ‘ಇನ್ನೂ ತಯಾರಾಗಿಲ್ಲ’ ಎಂದುಕೊಂಡಿದ್ದ ಹೊಣೆಯನ್ನು ಯುದ್ಧ ಏಕಾಏಕಿ ಅವರ ಹೆಗಲಿಗೆ ಹಾಕಿತು. 1939ರಲ್ಲಿ ಮತ್ತೆ ಜರ್ಮನರ ಬಂಧನವಾದಾಗ ಅಷ್ಟು ಗಾಬರಿ ಆಗಲಿಲ್ಲ ಎಂದರೆ ಅದಕ್ಕೆ ಮೊದಲ ಸಲದ ಅಭ್ಯಾಸವೂ ಕಾರಣ ಎಂದು ನನ್ನ ಅಂದಾಜು. ಗದಗ-ಬೆಟಗೇರಿಯ ಮಿಶನ್ ದವಾಖಾನೆಯನ್ನು ಜನ ಈಗಲೂ ‘ಜರ್ಮನ್ ಆಸ್ಪತ್ರೆ’ ಅನ್ನುತ್ತಾರೆ. ಎರಡು ಮಹಾಯುದ್ಧಗಳಿಗೂ ಆ ಹೆಸರನ್ನು ಅಳಿಸಲಾಗಲಿಲ್ಲ.

ಹತ್ತಿರದ ಕಾಲದಲ್ಲಿ ಇದೇ ಬಿರುಕು ಉಕ್ರೇನಿನಲ್ಲಿ ಕಂಡಿತು. 2022ರ ಫೆಬ್ರವರಿ 24ರಂದು, ರಷ್ಯದ ಸೈನ್ಯ ನುಗ್ಗಿದ ದಿನವೇ, ಮಾಸ್ಕೋದ ಆರ್ಥೊಡಾಕ್ಸ್ ಪೀಠಕ್ಕೆ ಸೇರಿದ್ದ ಕೀವಿನ ಮಹಾಧರ್ಮಾಧ್ಯಕ್ಷ ಒನುಫ್ರಿ ಇದನ್ನು ತಮ್ಮನನ್ನು ಕೊಂದ ಕಾಯಿನನ ಪಾಪಕ್ಕೆ ಹೋಲಿಸಿದರು. ಅದೇ ಸೆಪ್ಟೆಂಬರಿನಲ್ಲಿ ಆ ಪೀಠದ ಮುಖ್ಯಸ್ಥ, ಮಾಸ್ಕೋದ ಕಿರಿಲ್, ಕರ್ತವ್ಯದಲ್ಲಿ ಸತ್ತ ಸೈನಿಕನ ಪಾಪಗಳೆಲ್ಲ ತೊಳೆದುಹೋಗುತ್ತವೆ ಎಂದು ಪ್ರಸಂಗ ಮಾಡಿದರು. ಒಂದೇ ಸಭೆ, ಒಂದೇ ಪೂಜಾಕ್ರಮ. ಒಬ್ಬರ ಜನ ಬಾಂಬಿನ ಕೆಳಗಿದ್ದರು, ಅಷ್ಟೇ ವ್ಯತ್ಯಾಸ.

ಸಮಾಧಾನ ‘ಮಾಡಿಸಿದ’ ಉದಾಹರಣೆ ಬೇಕೆಂದರೆ ಯುರೋಪಿಗೆ ಹೋಗಬೇಕಿಲ್ಲ. 1964ರ ಆರಂಭದಲ್ಲಿ ನಾಗಾ ಬ್ಯಾಪ್ಟಿಸ್ಟ್ ಸಭೆಗಳು ನಾಗಾಲ್ಯಾಂಡಿನ ವೋಖಾದಲ್ಲಿ ಸೇರಿ ಶಾಂತಿ ನಿಯೋಗವೊಂದಕ್ಕೆ ಕರೆ ಕೊಟ್ಟವು. ಅದರಲ್ಲಿ ಕೂತವರು ಮೂವರು: ಜಯಪ್ರಕಾಶ ನಾರಾಯಣ, ಅಸ್ಸಾಮಿನ ಮುಖ್ಯಮಂತ್ರಿ ಬಿಮಲಾ ಪ್ರಸಾದ ಚಾಲಿಹಾ, ಇಂಗ್ಲೆಂಡಿನ ಪಾದ್ರಿ ಮೈಕೆಲ್ ಸ್ಕಾಟ್. ಮೂವರಲ್ಲಿ ಒಬ್ಬರೂ ನಾಗಾ ಅಲ್ಲ, ಬ್ಯಾಪ್ಟಿಸ್ಟರೂ ಅಲ್ಲ. ಸಭೆಯ ಜಾಣತನ ಇದ್ದದ್ದು ಇಲ್ಲೇ. ದೆಹಲಿ ನಂಬುವವರು, ದೆಹಲಿಯ ವಿರುದ್ಧ ಬಂದೂಕು ಹಿಡಿದಿದ್ದ ನಾಗಾ ಭೂಗತರು ನಂಬುವವರು ಒಂದೇ ಜೀಪಿನಲ್ಲಿ ಕೂರಬೇಕಿತ್ತು. ತಮ್ಮವರನ್ನೇ ಕೂರಿಸುವ ಆಸೆಯನ್ನು ಸಭೆ ಬಿಟ್ಟಿತು. ಕರಾರೂ ಉಪದೇಶದ ಭಾಷೆಯಲ್ಲಿರಲಿಲ್ಲ. ಸೈನಿಕರು ಠಾಣೆಯಿಂದ ಎಷ್ಟು ದೂರ ಗಸ್ತು ತಿರುಗಬಹುದು, ಭೂಗತರು ಹಳ್ಳಿಗಳಲ್ಲಿ ದಂಡ ವಸೂಲಿ, ಅಪಹರಣ, ಹೊಸ ಭರ್ತಿ ಮಾಡಬಾರದು, ಇಂಥ ಅಳತೆಯ ಮಾತುಗಳಿದ್ದವು. ಆ ವರ್ಷದ ಸೆಪ್ಟೆಂಬರ್ 6ರಿಂದ ಗುಂಡು ನಿಂತಿತು. ಮುಂದೆ ರಾಜಕೀಯ ಮಾತುಕತೆ ಸಿಕ್ಕಿಬಿತ್ತು, 1966ರಲ್ಲಿ ಸ್ಕಾಟರನ್ನು ದೇಶದಿಂದ ಹೊರಗೆ ಕಳಿಸಿದರು, ನಿಯೋಗ ಮುರಿಯಿತು. ಆದರೂ ಗುಂಡಿನ ಸದ್ದಿಲ್ಲದೆ ಹೊಲಕ್ಕೆ ಹೋದ ತಿಂಗಳುಗಳು ಆ ಹಳ್ಳಿಯವರಿಗೆ ಸಿಕ್ಕವು, ಅದೇನು ಕಡಿಮೆಯಲ್ಲ.

ಊರ ಬಾಗಿಲಿಗೆ ಬಂದರೆ ಯುದ್ಧಕ್ಕಿಂತ ಜಾತಿ ಹತ್ತಿರ. 1950ರ ಪರಿಶಿಷ್ಟ ಜಾತಿ ಆದೇಶದ ಮೂರನೆಯ ಪ್ಯಾರಾ ಹಿಂದೂಗಳಿಗಷ್ಟೇ ಆ ಸ್ಥಾನ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಇನ್ನೂ ಹೊರಗೆ. ಆಗಸ್ಟ್ 10ನ್ನು ಸಭೆಗಳು ಕಪ್ಪು ದಿನವೆಂದು ಆಚರಿಸುತ್ತವೆ, ಮನವಿ ಕೊಡುತ್ತವೆ. ಬೇಡಿಕೆ ನ್ಯಾಯವೇ. 2021ರ ಡಿಸೆಂಬರಿನಲ್ಲಿ ಇದೇ ಸುವರ್ಣಸೌಧದಲ್ಲಿ ಮತಾಂತರ ವಿಧೇಯಕಕ್ಕೆ ವಿಧಾನಸಭೆ ಒಪ್ಪಿಗೆ ಕೊಟ್ಟಾಗಲೂ ಎಲ್ಲ ಪಂಗಡದ ಕ್ರೈಸ್ತರು ಒಂದಾಗಿ ನಿಂತರು. ಹೊರಗಿನವರಿಂದ ನ್ಯಾಯ ಕೇಳುವ ಕೆಲಸ ನಮಗೆ ಚೆನ್ನಾಗಿ ಬರುತ್ತದೆ.

ಸಭೆಯ ಒಳಗಿನ ಜಾತಿಯನ್ನು ತಿಳಿಯಬೇಕೆಂದರೆ ಮೂರು ಪುಸ್ತಕ ತೆಗೆದರೆ ಸಾಕು. ಮದುವೆ ರಿಜಿಸ್ಟರಿನಲ್ಲಿ ಹತ್ತು ವರ್ಷದ ಪುಟ ತಿರುವಿ, ಯಾವ ಓಣಿಯ ಹುಡುಗಿ ಯಾವ ಓಣಿಗೆ ಸೊಸೆಯಾಗಿ ಹೋದಳು ಎಂದು ಗೆರೆ ಎಳೆಯಬೇಕು. ಸಮಾಧಿ ರಿಜಿಸ್ಟರಿನಲ್ಲಿ ಯಾರ ಗುಂಡಿ ಯಾವ ಮೂಲೆಯಲ್ಲಿದೆ ನೋಡಬೇಕು. ಸಭಾ ಕಮಿಟಿಯ ನಡಾವಳಿ ಪುಸ್ತಕದಲ್ಲಿ ಖಜಾಂಚಿ, ಕಾರ್ಯದರ್ಶಿಯ ಸಹಿಗಳು ಯಾವ ಯಾವ ಮನೆತನದವು ಎಂದು ಎಣಿಸಬೇಕು. ಎರಡು ಸಂಜೆಯ ಕೆಲಸ. ಗೆರೆಗಳೆಲ್ಲ ಓಣಿಯೊಳಗೇ ಸುತ್ತಿದ್ದರೆ ಪ್ರಬೋಧನೆ ಬೇಕಿಲ್ಲ, ಆ ಹಾಳೆಯನ್ನು ಕಮಿಟಿಯ ಮೇಜಿನ ಮೇಲಿಟ್ಟರೆ ಸಾಕು. ಇಡುವವರು ಗುರುಗಳೇ ಆಗಿರುವುದು ಮೇಲು. ಬೇರೆಯವರಿಟ್ಟರೆ ಅವರ ಮನೆಯ ಮದುವೆಯ ಮಾತೇ ಮೊದಲು ಬರುತ್ತದೆ.

ಸೇವೆಯಲ್ಲಿ ಮಾತ್ರ ಸಭೆಗಳ ಕೈ ಪಳಗಿದೆ. ವಿಭಜನೆಯ ನಿರಾಶ್ರಿತರಿಗಾಗಿ 1947ರಲ್ಲಿ ಶುರುವಾದದ್ದು ಸಭೆಗಳ ಪರಿಹಾರ ಸಂಸ್ಥೆಯಾದ ಇಂದಿನ ಕಾಸಾ. ಕಥೋಲಿಕರ ಕಾರಿತಾಸ್ ಇಂಡಿಯಾ 1962ರದು. ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಮನೆಮನೆಯಲ್ಲಿ ಉಳಿಸಿದ ದುಡ್ಡು ಹಸಿವು ಮತ್ತು ರೋಗದ ವಿರುದ್ಧದ ಅಭಿಯಾನಕ್ಕೆ ಹೋಗುತ್ತದೆ, ಶುಭ ಶುಕ್ರವಾರದ ಕಾಣಿಕೆ ಜೆರುಸಲೇಮಿನ ಪುಣ್ಯಸ್ಥಳಗಳಿಗೆ. ಹೊರದೇಶದಿಂದ ಬರುವ ಹಣದ ದಾರಿ ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಇಕ್ಕಟ್ಟಾಗಿದೆ: ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ಖರ್ಚು 20 ಶೇಕಡಾ ಮೀರಬಾರದು, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಮೂರನೆಯದು ಜಿಲ್ಲಾ ಮಟ್ಟದ ಸಣ್ಣ ಸಂಸ್ಥೆಗಳಿಗೆ ಬಿದ್ದ ದೊಡ್ಡ ಏಟು. ಹಾಗಾಗಿ ಈಗ ಊರ ಕಾಣಿಕೆಯೇ ಮೊದಲ ಬಂಡವಾಳ.

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಗೆ ಏರಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರಿಗೆ ಊರೇ ಮುಳುಗಿದವು. ಅಂಥ ಹೊತ್ತಿಗೆ ಲೆಕ್ಕ ಮೊದಲೇ ಗೊತ್ತಿರಬೇಕು. ಅಂತರರಾಷ್ಟ್ರೀಯ ಅಳತೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 2,100 ಕ್ಯಾಲರಿ, 15 ಲೀಟರ್ ನೀರು, ಮಲಗಲು ಮೂರೂವರೆ ಚದರ ಮೀಟರ್ ಜಾಗ, 20 ಜನಕ್ಕೆ ಒಂದು ಪಾಯಖಾನೆ. ಚರ್ಚಿನ ಹಾಲ್ 140 ಚದರ ಮೀಟರಿದ್ದರೆ 40 ಜನ. ಕರುಣೆಯಿಂದ 100 ಜನರನ್ನು ತುಂಬಿದರೆ ಮೂರನೆಯ ದಿನಕ್ಕೆ ವಾಂತಿಭೇದಿ. ಐದು ಮಂದಿಯ ಮನೆಗೆ 15 ದಿನಕ್ಕೆ 30 ಕಿಲೊ ಧಾನ್ಯ, ನಾಲ್ಕೂವರೆ ಕಿಲೊ ಬೇಳೆ, ಸುಮಾರು ಎರಡು ಲೀಟರ್ ಎಣ್ಣೆ, 400 ಗ್ರಾಂ ಉಪ್ಪು. ಎಡವುವುದು ಆ 30 ಕಿಲೊದಲ್ಲಿ. ದೂರದ ದಾನಿಗಳು ಅಕ್ಕಿ ಕಳಿಸುತ್ತಾರೆ, ಇಲ್ಲಿಯ ಹೊಟ್ಟೆ ಕೇಳುವುದು ಜೋಳ. ಜೋಳ ಕೊಟ್ಟರೆ ಗಿರಣಿ ನೀರಲ್ಲಿದೆ. ಹಿಟ್ಟು ಕೊಟ್ಟರೆ ಥಂಡಿಗೆ ಬೇಗ ಕಹಿಯಾಗುತ್ತದೆ. ಆದ್ದರಿಂದ ಮೊದಲ ವಾರಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ: ಒಲೆ ಬೇಡ, ನೀರು ಬೇಡ, ಕೆಡುವುದಿಲ್ಲ. ಹಳೆ ಬಟ್ಟೆಯನ್ನು ಮಾತ್ರ ಸ್ವೀಕರಿಸಲೇಬಾರದು. ವಿಂಗಡಿಸಲು ಹತ್ತು ಮಂದಿ ಬೇಕು, ಕೊನೆಗೆ ರಸ್ತೆಯ ಬದಿ ಗುಡ್ಡೆ ಬೀಳುತ್ತದೆ. ಹೆಂಗಸರಿಗೆ ಹೊಸ ಒಳಉಡುಪು, ಪ್ಯಾಡು ತರಿಸಿದರೆ ಆ ದುಡ್ಡು ಸಾರ್ಥಕ.

ಮಠದಿಂದ ಬಂದ ರೊಟ್ಟಿ, ಮಸೀದಿ ಓಣಿಯಿಂದ ಬಂದ ರೊಟ್ಟಿ, ಚರ್ಚಿನ ಸ್ತ್ರೀಯರ ಕೂಟ ಬಡಿದ ರೊಟ್ಟಿ ಎಲ್ಲ ಒಂದೇ ಗೋಣಿಚೀಲದಲ್ಲಿ ಇಳಿಯುತ್ತವೆ. ಯಾರ ಕೈಯದು ಎಂದು ಮೊದಲೆರಡು ದಿನ ಯಾರೂ ಕೇಳುವುದಿಲ್ಲ. ನೀರು ಇಳಿದು, ಚರ್ಚಿನ ಹಾಲ್ ಹಿಂದೆ ಒಲೆ ಹೂಡಿ ಬಿಸಿ ಅಡಿಗೆ ಶುರುವಾದ ಮೇಲೆ ‘ಒಂದೇ ಒಲೆ ಸಾಲೋದಿಲ್ಲ’ ಎಂಬ ಮಾತು ಎದ್ದು, ಎರಡನೆಯ ಒಲೆ ಎರಡನೆಯ ಓಣಿಯದಾಗುತ್ತದೆ. ಆಗ ಸಮಾಧಾನ ಹೇಳಿ ಪ್ರಯೋಜನವಿಲ್ಲ. ಒಲೆ ಎಷ್ಟಾದರೂ ಇರಲಿ, ಅಡಿಗೆಯ ಪಾಳಿ ಓಣಿವಾರು ಬೇಡ. ಶಿಬಿರಕ್ಕೆ ಬಂದ ಎಲ್ಲ ಮನೆಗಳ ಹೆಸರನ್ನು ಚೀಟಿ ಬರೆದು ಡಬ್ಬಿಗೆ ಹಾಕಿ, ಒಂದು ಹೊತ್ತಿಗೆ ನಾಲ್ಕರಂತೆ ಎತ್ತಿ, ಪಟ್ಟಿಯನ್ನು ಹಾಲಿನ ಬಾಗಿಲಿಗೆ ಅಂಟಿಸಬೇಕು. ರೊಟ್ಟಿಯ ಚೀಲ ಇನ್ನೂ ತುಂಬಿರುವ ಮೊದಲ ದಿನವೇ ಎತ್ತಬೇಕು.